ಸೂಜಿಮೆಣಸಿನ ಕಣ್ಣೀರು

ಮನೆಮುಂದಿನ ಕುಂಡದಲ್ಲಿದ್ದ ಸೂಜಿಮೆಣಸಿನಕಾಯಿ ಹಣ್ಣಾಗಲು ಆ ದಿನವನ್ನೇ ಹುಡುಕಿಕೊಳ್ಳಬೇಕೆ? ನಾಟಕ ಕಂಪನಿಯ ಮೇಕಪ್ಪಿನವನು ಬೆಳಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಕತ್ತು ಚಾಚಿದರು.

“ಬೀಜಕ್ಕೆ ನಾಲ್ಕು ಕಾಯಿ ಬಿಡಿಸಿಕೊಡಪ್ಪ. ನನ್ನ ಉಗುರಲ್ಲಿ ಶಕ್ತಿ ಇಲ್ಲ.”

ಇಲ್ಲ ಎನ್ನುವುದು ಅವನ ಜಾಯಮಾನವಲ್ಲ. ಅಜ್ಜಿಗೆ ಕೊಟ್ಟದ್ದನ್ನು ನೋಡಿ ಎದುರುಮನೆಯವರಿಗೂ ಬೇಕಾಯಿತು. ಇಪ್ಪತ್ತು ಕಾಯಿ ಸೀಳಿ, ಎರಡು ಸಲ ಸೋಪು ಹಚ್ಚಿ ಕೈ ತೊಳೆದು, ಏದುಸಿರು ಬಿಡುತ್ತಾ ಓಡಿದ. ಮಧ್ಯಾಹ್ನದ ಆಟಕ್ಕೆ ಮಾಲೀಕರು ಬರುವವರಿದ್ದರು. ಕಂಪನಿಯಲ್ಲಿ ಜನ ಜಾಸ್ತಿ, ಒಬ್ಬರನ್ನಾದರೂ ಕೆಲಸದಿಂದ ಬಿಡಿಸಬೇಕು ಎಂದು ಮೊದಲೇ ಹೇಳಿ ಕಳಿಸಿದ್ದರು.

ಉಳಿದವರೆಲ್ಲ ತಮ್ಮ ಬಣ್ಣ ತಾವೇ ಬಳಿದುಕೊಳ್ಳುತ್ತಿದ್ದರು. ಇವನ ಪಾಲಿಗಿದ್ದದ್ದು ನಾಯಕನ ಮುಖ, ಅದರಲ್ಲೂ ಕಣ್ಣೀರು. ಹದಿನೈದು ವರ್ಷದಲ್ಲಿ ನಾಯಕನ ಕಣ್ಣಿಂದ ಸ್ವಂತದ್ದೊಂದು ಹನಿ ಉದುರಿರಲಿಲ್ಲ. ಕೊನೆಯ ಅಂಕದ ಅಳುವಿಗೆ ಇವನೇ ಗ್ಲಿಸರಿನ್ ಹಚ್ಚಬೇಕು.

“ಬ್ರಷ್ ಚುಚ್ಚುತ್ತೆ ಕಣಯ್ಯ, ಬೆರಳಲ್ಲೇ ಬಳಿ,” ಎಂದ ನಾಯಕ ಎಂದಿನಂತೆ. ಇವನು ಕಣ್ಣಿನ ಸುತ್ತ ಬಣ್ಣವನ್ನು ಬೆರಳಲ್ಲೇ ಬಳಿದ.

ಮೊದಲ ದೃಶ್ಯದಲ್ಲಿ ಮಗಳ ಮದುವೆ ಗೊತ್ತಾಗಿ ಅಪ್ಪ ಗಹಗಹಿಸಿ ನಗಬೇಕು. ದೀಪಗಳ ಸೆಕೆಗೆ ಬಣ್ಣ ಬೆವರಿನೊಡನೆ ಕಣ್ಣಿಗಿಳಿಯಿತು. ನಗಲೆಂದು ಬಾಯಿ ತೆರೆದ ನಾಯಕನ ಕಣ್ಣು ಮೂಗು ಎರಡೂ ಒಟ್ಟಿಗೇ ಸುರಿಯತೊಡಗಿದವು.

“ಏನೋ ಬಿದ್ದಿದೆ ಕಣ್ಣಿಗೆ, ನೀರು ಎರಚ್ರಿ!” ಎಂದ ಪರದೆಯವನು. “ಬೇಡ, ಪರದೆ ಎಳೀರಿ!” ಎಂದ ಹಾರ್ಮೋನಿಯಂನವನು. ಮೇಕಪ್ಪಿನವನು ಬೆರಳು ಮೂಸಿ ನೋಡಿದ. ಎರಡು ಸಲ ಸೋಪು ಹಚ್ಚಿದರೂ ಬೆಳಗಿನ ಖಾರ ಅಲ್ಲೇ ಇತ್ತು.

ಅಷ್ಟರಲ್ಲಿ ಸಭೆಯೇ ಮೂಗು ಒರೆಸಿಕೊಳ್ಳುತ್ತಿತ್ತು. ಮಗಳನ್ನು ಕಳಿಸಿಕೊಡುವ ಅಪ್ಪನ ಕರುಳೆಂದರೆ ಇದು ಎಂದು ಚಪ್ಪಾಳೆಯೋ ಚಪ್ಪಾಳೆ.

ಮಧ್ಯಂತರದಲ್ಲಿ ಮಾಲೀಕರು ಒಳಗೆ ಬಂದು ನಾಯಕನನ್ನು ತಬ್ಬಿಕೊಂಡರು. “ಏನು ಅಳು ಸ್ವಾಮಿ! ಗ್ಲಿಸರಿನ್ನಾ?”

“ಛೆ, ಅದನ್ನ ಮುಟ್ಟೇ ಇಲ್ಲ. ಒಳಗಿಂದ ಬಂತು,” ಎಂದು ನಾಯಕ ಎದೆ ಮುಟ್ಟಿಕೊಂಡ.

ಮೇಕಪ್ಪಿನವನು ಹೇಳಿಬಿಡೋಣವೆಂದು ಬಾಯಿ ತೆರೆದ. ಕಣ್ಣಿಗೆ ಖಾರ ಹಾಕಿದವನೆಂದು ಕತ್ತು ಹಿಡಿದು ದಬ್ಬಿಯಾರು ಎನಿಸಿ ಮುಚ್ಚಿಕೊಂಡ.

“ಇವನ್ಯಾರು?”

“ನನಗೆ ಕಣ್ಣೀರು ಹಚ್ಚೋನು.”

ಮಾಲೀಕರು ಇವನ ಹೆಗಲ ಮೇಲೆ ಕೈಯಿಟ್ಟರು. “ಬೇಜಾರು ಮಾಡ್ಕೋಬೇಡಪ್ಪ. ಅಳು ತಾನಾಗೇ ಬರ್ತಿದೆ. ಇನ್ನು ನಿನಗೇನು ಕೆಲಸ?”

ಸುದ್ದಿ ಇವನಿಗಿಂತ ಮೊದಲೇ ಬೀದಿ ಮುಟ್ಟಿತ್ತು. ಸಂಜೆ ಪಾಪ, ಅಳಬಾರದೆಂದು ಹಲ್ಲು ಕಚ್ಚಿಕೊಂಡು ಬಂದು ಮೆಟ್ಟಿಲ ಮೇಲೆ ಕೂತ. ಹಣೆಯ ಬೆವರು ಒರೆಸಿಕೊಳ್ಳುವಾಗ ಬೆರಳು ಕಣ್ಣಿಗೆ ತಾಗಿತು. ಮುಗಿಯಿತು, ಕೆನ್ನೆ ತುಂಬ ಧಾರೆ.

“ಕೆಲಸ ಹೋಯ್ತು ಅಂತ ಹೀಗಾ ಅಳೋದು?” ಗೋಡೆಯ ಮೇಲೆ ಅಜ್ಜಿಯ ಕತ್ತು.

“ಅಳ್ತಿಲ್ಲ ಅಜ್ಜಿ. ಮೆಣಸಿನಕಾಯಿ.”

“ಬೆಳಗ್ಗೆ ತೊಳೆದ ಕೈಯಲ್ಲಿ ಈಗೆಲ್ಲಿಯ ಖಾರ?” ಅಜ್ಜಿ ಕನಿಕರದಿಂದ ಎದುರುಮನೆಯತ್ತ ತಿರುಗಿ ಕೂಗಿದರು. “ಬನ್ರೇ ಇಲ್ಲಿ! ಪಾಪ, ದುಃಖಕ್ಕೆ ಸುಳ್ಳು ಬೇರೆ ಹೇಳ್ತಿದಾನೆ.”