ಶಾಸಕ ಪ್ರೌಟಿಯವರ ಕುರ್ಚಿಯನ್ನು ಒಲೆಯ ಆಚೆಗೆ ಹಾಕಿಸುವ ಬಗ್ಗೆ

ಇಂದ,
ಕೆಟ್ಯೂರಾ ಪ್ರೌಟಿ,
ಶಾಸಕ ಆಲ್ವಾ ಪ್ರೌಟಿಯವರ ಪತ್ನಿ,
ಕೋರ್ಟಿನ ಎದುರಿನ ಊಟ-ವಸತಿ ಮನೆ, ಹಿಕರಿ ಫೋರ್ಡ್.

ಗೆ,
ಸನ್ಮಾನ್ಯ ಸಭಾಧ್ಯಕ್ಷರು,
ಶಾಸನಸಭೆ, ಇಂಡಿಯಾನಾಪೊಲಿಸ್.

ವಿಷಯ: ಮೇಲ್ಕಂಡ ಕುರ್ಚಿ.
ಉಲ್ಲೇಖ: ಸೋಮವಾರ ಸದರಿ ಶಾಸಕರು ಮಾಡಿದ ಅಮೋಘ ಭಾಷಣ. ಅರ್ಜಿದಾರಳು ಗ್ಯಾಲರಿಯಲ್ಲಿ ಕೂತು ಖುದ್ದಾಗಿ ಕೇಳಿದ್ದು.

ಮಾನ್ಯರೇ,

ರಾಜ್ಯದ ಭವಿಷ್ಯಕ್ಕೆ ಸಂಬಂಧಿಸಿದ ಅತಿ ಗಂಭೀರ ವಿಷಯವೊಂದನ್ನು, ಅಂದರೆ ಒಂದು ಕುರ್ಚಿಯನ್ನು, ಈ ಮೂಲಕ ತಮ್ಮ ಗಮನಕ್ಕೆ ತರಲಾಗಿದೆ.

೧. ಸದರಿ ಪ್ರೌಟಿಯವರು ಕುದುರೆಯ ಜೀನು ಹೊಲಿಯುವ ಅಂಗಡಿಯಲ್ಲಿ ತೊಗಲು ಹೊಲಿಯುತ್ತಲೇ ಕಾನೂನು ಓದಿಕೊಂಡವರು. ಊರೂರು ಸುತ್ತಿ ವಿಚಾರಣೆ ನಡೆಸುವ ನ್ಯಾಯಾಧೀಶರ ಹಿಂದೆ ತಾವೂ ಕುದುರೆಯೇರಿ ಕೋರ್ಟಿನಿಂದ ಕೋರ್ಟಿಗೆ ಅಲೆದು, ಬೇಲಿ ಮುರಿದ ಹಂದಿಗಳ ಪರವಾಗಿ ಒಂದು ಊರಿನಲ್ಲಿಯೂ ವಿರುದ್ಧವಾಗಿ ಮುಂದಿನ ಊರಿನಲ್ಲಿಯೂ ವಾದಿಸಿ, ಎರಡೂ ಕಡೆ ಗೆದ್ದವರು. ಆ ಕಾರಣದಿಂದ, ಊರಿನವರು ಇವರನ್ನೇ ಶಾಸನಸಭೆಗೆ ಆರಿಸಿ ಕಳಿಸಿದರು.

೨. ಕಳಿಸಿದ್ದು ಒಂದೇ ಕೆಲಸಕ್ಕೆ: ಹಿಕರಿ ಫೋರ್ಡ್‌ನಲ್ಲಿರುವ ಕೌಂಟಿಯ, ಅಂದರೆ ಜಿಲ್ಲೆಯ, ಕೋರ್ಟನ್ನು ನೆರೆಯೂರಾದ ನ್ಯೂ ಸ್ಪಾರ್ಟಾದವರು ತಮ್ಮಲ್ಲಿಗೆ ಹೊತ್ತೊಯ್ಯದಂತೆ ತಡೆಯುವುದಕ್ಕೆ. ಕೋರ್ಟು ಹೋದರೆ ವಕೀಲರು ಹೋಗುತ್ತಾರೆ, ಕಕ್ಷಿದಾರರು ಹೋಗುತ್ತಾರೆ, ಅರ್ಜಿದಾರಳ ಮನೆಯಲ್ಲಿ ಊಟಕ್ಕೆ ನೊಣವೂ ಕೂರುವುದಿಲ್ಲ.

೩. ಸೋಮವಾರ, ಕೋರ್ಟನ್ನು ಸ್ಥಳಾಂತರಿಸುವ ನ್ಯೂ ಸ್ಪಾರ್ಟಾದ ಮಸೂದೆಯನ್ನು ವಿರೋಧಿಸಿ ನಮ್ಮದೇ ಕಡೆಯ ಶಾಸಕ ಓಬೆಡ್ ಟ್ವಿಚೆಲ್ ಮಾತಾಡಿ ಕೂತರು. ಕೂಡಲೇ ಪ್ರೌಟಿಯವರು ಎದ್ದು, ಟ್ವಿಚೆಲ್‌ರ ಒಂದೊಂದು ಮಾತನ್ನೂ ಹತ್ತಿಯಂತೆ ಹಿಂಜಿ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಮಸೂದೆ ಗುರುವಾರದ ಕೊನೆಯ ಮತದಾನಕ್ಕೆ ಹೋಯಿತು.

೪. ಆ ಮೇಲೆ ಮೆಟ್ಟಿಲ ಬಳಿ ನಡೆದ ವಿಚಾರಣೆ ಹೀಗಿದೆ:

"ಏನ್ರೀ, ಯಾರ ಕಡೆ ಮಾತಾಡಿದ್ರಿ ನೀವು?"

"ಯಾಕೆ ಕೆಟ್ಟಿ, ಗೆದ್ನಲ್ಲ! ಚಪ್ಪಾಳೆ ಕೇಳ್ಸಲಿಲ್ವಾ?"

"ಕೇಳಿಸ್ತು. ನ್ಯೂ ಸ್ಪಾರ್ಟಾದವ್ರೇ ಜೋರಾಗಿ ತಟ್ತಿದ್ರು."

ಪ್ರೌಟಿಯವರ ಮುಖ ನಿಧಾನವಾಗಿ ಇಳಿಯಿತು. "ಟ್ವಿಚೆಲ್ ಎದುರಿಗೆ ಕೂತಿದ್ದ ಕಣೇ. ಕೋರ್ಟಲ್ಲಿ ಎದುರು ಮೇಜಲ್ಲಿ ಕೂತೋನು ಯಾವತ್ತೂ ಎದುರಾಳಿ ವಕೀಲನೇ ಅಲ್ವಾ? ಅವ್ನು ಕೂತ ತಕ್ಷಣ ಕಾಲು ತಾನಾಗೇ ಎದ್ದುಬಿಡ್ತು."

ಹಿಂದೆಯೇ ಬಂದ ಟ್ವಿಚೆಲ್ ಟೋಪಿ ತೆಗೆದು, "ಅಕ್ಕಾ, ನಿಮ್ ಯಜಮಾನ್ರ ಮಾತು ಕೇಳಿ ನಾನೇ ಆ ಕಡೆಗೆ ಮತ ಹಾಕೋಣ ಅನ್ಕೊಂಡಿದ್ದೆ ನೋಡಿ," ಎಂದರು.

೫. ಈ ಕಾಯಿಲೆಗೆ ಮದ್ದು ಅರ್ಜಿದಾರಳಿಗೆ ತಿಳಿದಿದೆ. ಮದುವೆಯಾದ ಹೊಸದರಲ್ಲಿ ಆಕೆ ಊಟದ ಮೇಜಿನಲ್ಲಿ ಪತಿಯ ಎದುರಿಗೆ ಕೂರುತ್ತಿದ್ದಳು. ಸೂಪಿಗೆ ಉಪ್ಪು ಸಾಕೆಂದರೂ ಸಾಲದೆಂದರೂ ತೀರ್ಪು ಅವಳ ವಿರುದ್ಧವೇ ಬರುತ್ತಿತ್ತು. ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡ ದಿನದಿಂದ ಮನೆಯಲ್ಲಿ ಶಾಂತಿ ಇದೆ.

ಆದ್ದರಿಂದ, ಗುರುವಾರದೊಳಗೆ ಈಗ ನ್ಯೂ ಸ್ಪಾರ್ಟಾದವರ ಸಾಲಿನಲ್ಲಿರುವ ಸದರಿ ಶಾಸಕರ ಕುರ್ಚಿಯನ್ನು, ಸಭಾಂಗಣದ ನಡುವೆ ಚಳಿಗೆ ಉರಿಸುವ ಒಲೆಯ ಆಚೆ ಟ್ವಿಚೆಲ್‌ರ ಪಕ್ಕಕ್ಕೆ, ನ್ಯೂ ಸ್ಪಾರ್ಟಾದವರ ನೇರ ಎದುರಿಗೆ ಹಾಕಿಸಿ, ಒಂದು ಊರನ್ನು ಉಳಿಸಿಕೊಡಬೇಕಾಗಿ ವಿನಂತಿ.

ಚಪ್ಪಾಳೆ ತಟ್ಟದೆ ಉಳಿದ,
ತಮ್ಮ ವಿಶ್ವಾಸಿ,
ಕೆಟ್ಯೂರಾ ಪ್ರೌಟಿ

ಲಗತ್ತುಗಳು:
೧. ಸಭಾಂಗಣದ ನಕ್ಷೆ (ಒಲೆ ಸಮೇತ).
೨. ಒಣ ಸೇಬಿನ ಕಡುಬು ಒಂದು. ಇದು ಲಂಚವಲ್ಲ, ಕೋರ್ಟು ಹೋದರೆ ನಮ್ಮಲ್ಲಿ ಊಟ ಮಾಡುವ ನ್ಯಾಯಾಧೀಶರು ಏನನ್ನು ಕಳೆದುಕೊಳ್ಳುತ್ತಾರೆ ಎಂಬುದಕ್ಕೆ ಸಾಕ್ಷ್ಯ.

ಕಚೇರಿಯ ಷರಾ: ಕೋರಿಕೆಯಂತೆ ಕುರ್ಚಿ ಬದಲಿಸಲಾಯಿತು. ಗುರುವಾರ ನ್ಯೂ ಸ್ಪಾರ್ಟಾದ ಸದಸ್ಯರು ಬಾಯಿಯನ್ನೇ ಬಿಡಲಿಲ್ಲ. ಶ್ರೀ ಟ್ವಿಚೆಲ್, ಹಿಂದಿನ ಅನುಭವದಿಂದಾಗಿ, ಏಳಲಿಲ್ಲ. ಶ್ರೀ ಪ್ರೌಟಿ ಎರಡು ಸಲ ಅರ್ಧ ಎದ್ದು, ಖಂಡಿಸಲು ಏನೂ ಸಿಗದೆ ಕೂತರು. ಮಸೂದೆ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ಕೋರ್ಟು ನ್ಯೂ ಸ್ಪಾರ್ಟಾಕ್ಕೆ ಹೋಗಿದೆ.