ಸಾಹೇಬನ ಪಥ್ಯ

ನಮ್ಮ ಮನೆಯಲ್ಲಿ ಶಿಸ್ತು ಎಂಬುದೇನಾದರೂ ಉಳಿದಿದ್ದರೆ ಅದು ನನ್ನಿಂದಲೇ ಎಂದು ಬಹಳ ಕಾಲ ನಂಬಿದ್ದೆ. ಹಾಗಾಗಿ ನಮ್ಮ ನಾಯಿ ಸಾಹೇಬನ ಪಥ್ಯದ ಉಸ್ತುವಾರಿಯನ್ನು, ಯಾರೂ ಕೇಳದಿದ್ದರೂ, ನಾನೇ ವಹಿಸಿಕೊಂಡೆ.

ಸಾಹೇಬ ಹಗಲಿಡೀ ಕೆರೆದುಕೊಳ್ಳುತ್ತಿದ್ದ. ಕಿವಿ ಕೆಂಪಾಗಿ, ಹೊಟ್ಟೆಯ ಚರ್ಮ ಕಪ್ಪಗೆ ದಪ್ಪಗಟ್ಟಿ, ಮೈಯೆಲ್ಲ ಹುಳಿಹಿಟ್ಟಿನ ವಾಸನೆ.

"ಅಲರ್ಜಿಯಿಂದ ಚರ್ಮ ಕೆಟ್ಟಿದೆ, ಅದರ ಮೇಲೆ ಯೀಸ್ಟ್ ಬೆಳೆದಿದೆ" ಎಂದರು ಡಾಕ್ಟರು. "ಔಷಧಿ ಕೊಡ್ತೀನಿ. ಎಂಟು ವಾರ ಮೀನು, ಗೆಣಸು, ಅಷ್ಟೇ. ಕೋಳಿ, ಹಾಲು ಒಂದು ಚೂರೂ ಬಾಯಿಗೆ ಹೋಗಬಾರದು."

ಅಂದಿನಿಂದ ನಮ್ಮ ಅಡುಗೆಮನೆ ಗಡಿಠಾಣೆಯಾಯಿತು. ಅಪ್ಪ ಹೊರಗಿನಿಂದ ಬಂದರೆ ಬಿಸ್ಕತ್ತಿಗಾಗಿ ತಪಾಸಣೆ.

"ನನ್ನ ಜೇಬನ್ನ ನಿಮ್ಮಮ್ಮನೂ ಇಷ್ಟು ಹುಡುಕಿಲ್ಲ" ಎಂದರು ಅಪ್ಪ.

ಐದು ವಾರವಾದರೂ ತುರಿಕೆ ಇಳಿಯಲಿಲ್ಲ. ನನ್ನ ಅನುಮಾನ ಅಜ್ಜಿಯ ನಡುಗುವ ಕೈಯಲ್ಲಿನ ಹಾಲಿನ ಲೋಟದ ಮೇಲೆ ಹೋಯಿತು. ಸಾಹೇಬ ಮಲಗುವುದು ಅವಳ ಕಾಲಬುಡದಲ್ಲೇ.

"ಅಜ್ಜಿ, ನಿಜ ಹೇಳು."

"ನಡುಗೋದು ಕೈ ಕಣೆ, ನಾಲಿಗೆಯಲ್ಲ. ಒಂದು ಹನಿ ಹಾಕಿಲ್ಲ."

ನಾನು ನಂಬಲಿಲ್ಲ. ಮರುದಿನದಿಂದ ಅಜ್ಜಿಯ ಊಟ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು. ಸಾಹೇಬ ಹೊಸ್ತಿಲಾಚೆ ಮೂಗು ಚಾಚಿ ಮಲಗಿ, ದೊಡ್ಡವರಂತೆ ನಿಟ್ಟುಸಿರು ಬಿಡುತ್ತಿದ್ದ. ಅಜ್ಜಿ ನನ್ನೊಡನೆ ಮಾತು ಬಿಟ್ಟಳು. ಕರ್ತವ್ಯದ ದಾರಿ ಕಠಿಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟನೆಯ ವಾರ ಡಾಕ್ಟರ ಬಳಿ ಹೋದೆವು. ಅಜ್ಜಿ ಹಿಡಿದುಕೊಳ್ಳದಿದ್ದರೆ ಸಾಹೇಬ ಮೇಜು ಹತ್ತುವುದಿಲ್ಲ, ಆದ್ದರಿಂದ ಅವಳೂ ಬಂದಿದ್ದಳು. ಕಿವಿ ಮೊದಲಿಗಿಂತ ಕೆಂಪಾಗಿತ್ತು.

"ಮನೆಯಲ್ಲೇ ಯಾರೋ ಕದ್ದು ತಿನ್ನಿಸ್ತಿದಾರೆ ಡಾಕ್ಟ್ರೇ" ಎಂದು ಅಜ್ಜಿಯ ಕಡೆ ನೋಡದೆ, ಆದರೆ ಅವಳಿಗೆ ಕೇಳುವಂತೆ ಹೇಳಿದೆ.

"ಮಾತ್ರೆ ಕೊಡೋದು ಯಾರು?"

"ನಾನೇ. ದಿನಕ್ಕೆರಡು, ಒಂದು ಸಲವೂ ತಪ್ಪಿಸಿಲ್ಲ."

"ಸುಮ್ನೆ ನುಂಗ್ತಾನಾ?"

"ಎಲ್ಲಿ ನುಂಗ್ತಾನೆ? ಅದಕ್ಕೊಂದು ಉಪಾಯ ಮಾಡಿದೀನಿ. ಒಂದು ಉಂಡೆ ಚೀಸಿನೊಳಗೆ ಮಾತ್ರೆ ಇಟ್ಟು..."

ಚೀಸು ಯಾವುದರಿಂದ ಆಗುತ್ತದೆ ಎಂಬುದು ಒಂದನೆಯ ತರಗತಿಯ ಮಕ್ಕಳಿಗೂ ಗೊತ್ತು. ಡಿಗ್ರಿ ಓದುತ್ತಿರುವ ನನಗೆ ಆ ಕ್ಷಣದಲ್ಲಷ್ಟೇ ಹೊಳೆಯಿತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇವತ್ತಿನಿಂದ ಮತ್ತೆ ಎಂಟು ವಾರ. ಏನಮ್ಮಾ ನೀನು, ಓದಿದ ಹುಡುಗಿ..."

ಮೂರು ವಾರದಿಂದ ನನ್ನೆದುರು ಬಾಯಿ ತೆರೆಯದಿದ್ದ ಅಜ್ಜಿ ಸಾಹೇಬನ ಕಿವಿ ಸವರುತ್ತಾ ಅಡ್ಡ ಬಂದಳು.

"ಮಗೂನ ಬೈಬೇಡಿ ಡಾಕ್ಟ್ರೇ. ಕಳ್ಳರು ಮನೆಯೊಳಗೇ ಇದಾರೆ ಅಂತ ಪಾಪ, ಮೊದಲಿಂದ ಹೇಳ್ತಾನೇ ಇದ್ಲು."