ಹಸುಗಳ ವಂಶಾವಳಿ ಮನೆ ಬದಲಾಯಿಸಿದ್ದು

ತಪ್ಪಿದ್ದು ಒಂದೇ ಒಂದು ಅಕ್ಷರ. ಅಷ್ಟಕ್ಕೇ ಕೆ.ಆರ್. ಪೇಟೆಯ ಹಸು ಸಾಕಣೆದಾರರ ಸಂಘದ ಎಂಟುನೂರು ಹಸುಗಳು ಕಂಪ್ಯೂಟರಿನಿಂದ ಮಾಯವಾದವು.

ಅದು ೧೯೯೯ರ ಡಿಸೆಂಬರ್. ತಿಮ್ಮೇಶ ಸಂಘದ ಕಂಪ್ಯೂಟರ್ ಆಪರೇಟರು. ಕೆಲಸ ಇನ್ನೂ ಟೆಂಪರ್‌ವರಿ. ಹಸುವಿನ ಕಿವಿಯ ಬಿಲ್ಲೆಯ ನಂಬರು ಒತ್ತಿದರೆ ಅದರ ತಾಯಿ, ಅಜ್ಜಿ, ಮುತ್ತಜ್ಜಿಯರೆಲ್ಲ ಪರದೆಯ ಮೇಲೆ ಬರುವ ಪ್ರೋಗ್ರಾಮನ್ನು ಅವನೇ ಜಾವಾದಲ್ಲಿ ಬರೆದಿದ್ದ. ಹಳೇ ಸರ್ವರಿನಲ್ಲಿ ಅದು ಪಳಗಿದ ಎತ್ತಿನಂತೆ ನಡೆಯುತ್ತಿತ್ತು. ಈಗ ಹೊಸ ಕಂಪ್ಯೂಟರು, ಅದರೊಳಗೆ ಪ್ರೋಗ್ರಾಮು ಓಡಿಸುವ ಹೊಸ ಸರ್ವರು ಬಂದಿದ್ದವು. ಸಂಜೆ ನಾಲ್ಕಕ್ಕೆ ಅಧ್ಯಕ್ಷ ಕೆಂಪಣ್ಣನವರಿಂದ ಉದ್ಘಾಟನೆ. ಅಷ್ಟರೊಳಗೆ ಪ್ರೋಗ್ರಾಮು ಹಳೆಯದರಿಂದ ಹೊಸದಕ್ಕೆ ಹೋಗಬೇಕು.

"ಯಾಕ್ಲಾ ಅಷ್ಟು ತಿಣುಕ್ತೀಯ? ಜಾವಾ ಅಂದ್ರೆ ನಮ್ ಮೈಸೂರು ಬೈಕು ತಾನೆ? ಎಲ್ಡು ಕಿಕ್ ಒಡುದ್ರೆ ಓಯ್ತದೆ," ಎಂದ ಅಟೆಂಡರ್ ಕರಿಯಪ್ಪ.

"ಬೈಕಲ್ಲ ಕರಿಯಣ್ಣ, ಸರ್ವರ್ ಬದಲಾಯಿಸ್ತಾ ಇವ್ನಿ."

"ಓಟ್ಲಲ್ಲಿ ಸರ್ವರ್ ಬದಲಾದ್ರೆ ಇಡ್ಲಿ ಬದಲಾಯ್ತದೇನ್ಲಾ?"

ಇಲ್ಲಿ ಮಾತ್ರ ಇಡ್ಲಿ ತಟ್ಟೆಗೇ ಬರಲಿಲ್ಲ. ಹತ್ತು ಗಂಟೆಗೆ ಟೈಪಿಸ್ಟ್ ಪುಟ್ಟಗೌರಮ್ಮ, ನೋಡೇಬಿಡೋಣವೆಂದು, ಅಧ್ಯಕ್ಷರ ಹಸುವಿನ ನಂಬರನ್ನೇ ಒತ್ತಿದಳು. ಪರದೆ ಇಂಗ್ಲಿಷಿನಲ್ಲಿ 'ಸಿಗಲಿಲ್ಲ' ಎಂದಿತು. ಆಕೆ ತಡಮಾಡದೆ ಅಧ್ಯಕ್ಷರ ಮನೆಗೆ ಫೋನು ಹಚ್ಚಿದಳು.

"ಅಣ್ಣಾ, ನಿಮ್ ಅಸ ಸಿಗ್ತಿಲ್ವಂತೆ!"

ಕೆಂಪಣ್ಣ ಶೀಳನೆರೆ ರಸ್ತೆಯುದ್ದಕ್ಕೂ ಸ್ಕೂಟರಿನಲ್ಲಿ ಹುಡುಕಿ, ಕೊನೆಗೆ ತಮ್ಮ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿದ್ದ ಹಸುವನ್ನು ಕಂಡು, ನೇರ ಆಫೀಸಿಗೆ ಬಂದರು.

"ಲೇ ತಿಮ್ಮೇಶ! ನಾಕ್ ಗಂಟೆಗೆ ನನ್ ಅಸ ಆ ಪೆಟ್ಗೇಲಿ ಕಂಡ್ರೆ ನಿನ್ ಕೆಲ್ಸ ಕಾಯಂ. ಕಾಣ್ನಿಲ್ವೋ, ಐದ್ ಗಂಟೆಗೆ ನೀನಿಲ್ಲಿ ಕಾಣ್ಬಾರ್ದು!"

ತಿಮ್ಮೇಶ ಫೈಲುಗಳನ್ನು ಒಂದೊಂದಾಗಿ ತಡಕಿದ. ಒಂದು ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರದ ಬದಲು ಚಿಕ್ಕಕ್ಷರ ಬಿದ್ದಿತ್ತು; ಹಳೇ ಸರ್ವರು ಅದನ್ನು ಲೆಕ್ಕಿಸುತ್ತಿರಲಿಲ್ಲ, ಹೊಸದು ಬಿಡಲಿಲ್ಲ. ತಿದ್ದಿದ. ಮತ್ತೆ 'ಸಿಗಲಿಲ್ಲ'. ಹನ್ನೆರಡಾಯಿತು. ಆಗ ಆ ಬಡಪಾಯಿಗೊಂದು ದುರ್ಬುದ್ಧಿ ಹೊಳೆಯಿತು. ಹಳೇ ಕಂಪ್ಯೂಟರನ್ನು ಮೇಜಿನಡಿಗೆ ತಳ್ಳಿ, ನೆಲ ಮುಟ್ಟುವಂತೆ ಬಟ್ಟೆ ಹಾಸಿದ. ಹೊಸದರ ಬೆನ್ನಿನಿಂದ ಪರದೆ, ಕೀಬೋರ್ಡುಗಳ ವೈರು ಕಿತ್ತು ಹಳೆಯದಕ್ಕೆ ಸಿಕ್ಕಿಸಿದ. ಹಾರ ಮೇಲಿನದಕ್ಕೆ, ದುಡಿಮೆ ಕೆಳಗಿನದಕ್ಕೆ.

ಒಂದು ಗಂಟೆಗೆ ಕರೆಂಟು ಹೋಯಿತು. ಬಂದ ಕೂಡಲೇ ಎಲ್ಲ ತಾನಾಗಿ ಶುರುವಾಗುವಂತೆ ಮಾಡಿಟ್ಟಿದ್ದರಿಂದ ತಿಮ್ಮೇಶ ಧೈರ್ಯವಾಗಿ ಹಾರ, ಲಾಡು ತರಲು ಹೊರಟ. ತಿರುಗಿ ಬರುವಷ್ಟರಲ್ಲಿ ಕರೆಂಟೂ ಬಂದಿತ್ತು, ಜನವೂ ತುಂಬಿತ್ತು. ಬಗ್ಗಿ ನೋಡಲು ಜಾಗವಿರಲಿಲ್ಲ.

ನಾಲ್ಕಕ್ಕೆ ಕೆಂಪಣ್ಣ ನಂಬರು ಒತ್ತಿದರು. ಹಸು ಬಂತು. ಅದರ ತಾಯಿ ಬಂತು, ಅಜ್ಜಿ ಬಂತು. ಚಪ್ಪಾಳೆಯೋ ಚಪ್ಪಾಳೆ.

"ನನ್ ಅಸೀನ ಅಜ್ಜೀನೂ ಇಡ್ಕೊಂಬಂದವ್ನೆ ಕಣ್ರಪ್ಪೋ! ಇವ್ನ್ ಕೆಲ್ಸ ಕಾಯಂ!"

ತಿಮ್ಮೇಶ ಕೈಯಲ್ಲಿದ್ದ ಲಾಡನ್ನು ತಟ್ಟೆಗೇ ವಾಪಸಿಟ್ಟ. ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಕಣ್ಣು ತುಂಬಿಕೊಂಡ.

"ಅಣ್ಣಾ, ಮೋಸ ಮಾಡ್ಬುಟ್ಟೆ. ಹೊಸದು ಓಡ್ತಿಲ್ಲ. ಕೆಳಗೆ ಹಳೇದನ್ನ ಬಚ್ಚಿಟ್ಟಿವ್ನಿ."

ಕೆಂಪಣ್ಣ ಬಟ್ಟೆ ಎತ್ತಿದರು. ಹಳೇ ಕಂಪ್ಯೂಟರು ಆರಿದ ಒಲೆಯಂತೆ ತಣ್ಣಗೆ ಕೂತಿತ್ತು.

"ಅದಾ? ಮೈಕ್‌ಸೆಟ್ಟಿಗೆ ಪ್ಲಗ್ ಬೇಕಾಗಿತ್ತು, ಕಿತ್ತಾಕ್ದೆ," ಎಂದ ಕರಿಯಪ್ಪ.

"ಒಸದ್ರ ವೈರು ಅದ್ರಲ್ಲಿತ್ತು. ನಾನೇ ತಗ್ದು ಒಸದಕ್ಕೆ ಸಿಗ್ಸ್‌ದೆ," ಎಂದಳು ಪುಟ್ಟಗೌರಮ್ಮ.

ತಿಮ್ಮೇಶನಿಗೆ ಆಗ ಹೊಳೆಯಿತು. ಅಕ್ಷರ ತಿದ್ದಿದ ಮೇಲೆ ಹೊಸ ಸರ್ವರನ್ನು ಒಮ್ಮೆ ನಿಲ್ಲಿಸಿ ಶುರುಮಾಡಬೇಕಿತ್ತು. ಅವನು ಮರೆತಿದ್ದನ್ನು ಕರೆಂಟು ಮಾಡಿತ್ತು.

"ಅಣ್ಣಾ! ಹೊಸದೇ ಓಡ್ತಾ ಅದೆ! ನಾನು ಮೋಸ ಮಾಡೇ ಇಲ್ಲ!"

"ಊಂ," ಎಂದರು ಕೆಂಪಣ್ಣ. "ನೀನು ಕೆಲ್ಸಾನೂ ಮಾಡಿಲ್ಲ. ಪ್ಲಗ್ ಕಿತ್ತೋನು ಕರಿಯಪ್ಪ, ವೈರ್ ಸಿಗ್ಸ್‌ದೋಳು ಗೌರಮ್ಮ."

ಐದು ಗಂಟೆಗೆ ಆದೇಶ ಹೊರಬಿತ್ತು. ಟೈಪು ಮಾಡಿದವಳು ಪುಟ್ಟಗೌರಮ್ಮನೇ. ಕಂಪ್ಯೂಟರ್ ವಿಭಾಗಕ್ಕೆ ಮೇಲ್ವಿಚಾರಕ, ಕಾಯಂ: ಕರಿಯಪ್ಪ. ಅವನ ಕೈಕೆಳಗೆ, ಟೆಂಪರ್‌ವರಿ: ತಿಮ್ಮೇಶ.